ಬೋರ್ಡಿಗೆ ಬೆಸೆದ ಪ್ರೊಸೆಸರ್

ಕಂಪ್ಯೂಟರ್ ರಿಪೇರಿಯವನಿಗೆ ‘ಆಗಲ್ಲ’ ಅನ್ನಲು ನಾಲಿಗೆಯೇ ಹೊರಳುತ್ತಿರಲಿಲ್ಲ. ಬೀದಿಯವರೆಲ್ಲ ಅವನನ್ನು ‘ಆಗತ್ತಣ್ಣ’ ಎಂದೇ ಕರೆಯುತ್ತಿದ್ದರು. ತಂಗಿ ತನ್ನ ಹಳೇ ಲ್ಯಾಪ್‌ಟಾಪ್ ತಂದು, “ಅಣ್ಣಾ, ಇದಕ್ಕೆ ಹೊಸ ಪ್ರೊಸೆಸರ್ ಹಾಕಕ್ಕಾಗತ್ತಾ?” ಎಂದಾಗಲೂ ಬಿಚ್ಚಿ ನೋಡುವ ಮೊದಲೇ ಒಪ್ಪಿಕೊಂಡುಬಿಟ್ಟ.

ಬಿಚ್ಚಿದರೆ, ಪ್ರೊಸೆಸರನ್ನು ಬೋರ್ಡಿಗೇ ಬೆಸೆದಿದ್ದರು. ಸುಮ್ಮನೆ ಕಿತ್ತು ಬದಲಿಸುವಂಥದ್ದಲ್ಲ. ತಂಗಿಗೊಂದು ಫೋನು ಮಾಡಿದ್ದರೆ ಮುಗಿಯುತ್ತಿತ್ತು. ಹಾಳು ಮರ್ಯಾದೆ ಬಿಡಬೇಕಲ್ಲ! ಬಿಸಿಗಾಳಿಯ ಗನ್ ಹಿಡಿದು, ಬೆಸುಗೆ ಕರಗಿಸಿ ಕಿತ್ತೇಬಿಟ್ಟ. ಅದರ ಜೊತೆ ಬೋರ್ಡಿನ ತಾಮ್ರದ ಗೆರೆಗಳೂ ಎದ್ದು ಬಂದು ಬೋರ್ಡೇ ಹಾಳಾಯಿತು.

ಸಂಜೆ ಬಂದ ತಂಗಿ ಸುಟ್ಟ ವಾಸನೆಗೆ ಮೂಗು ಮುಚ್ಚಿಕೊಂಡಳು. ಮೇಜಿನ ಮೇಲೆ ಬಿದ್ದಿದ್ದನ್ನು ನೋಡಿ ಮೆಲ್ಲಗೆ ಕೇಳಿದಳು: “ಹೊಸದು ಬೇಡ ಬಿಡಣ್ಣ. ಮೊದಲಿನ ಥರ ನಿಧಾನಕ್ಕಾದ್ರೂ ಓಡೋ ಹಾಗೆ ಮಾಡಕ್ಕಾಗತ್ತಾ?”

ಅವನು ತಡೆಯುವಷ್ಟರಲ್ಲಿ ಬಾಯಿ ಹೇಳಿಯಾಗಿತ್ತು: “ಆಗತ್ತಮ್ಮ.”