ಪೆನ್ಸಿಲ್ಲಿನಲ್ಲಿ ಬರೆದದ್ದು ನಾನಲ್ಲ

1972ರ ಮಾರ್ಚ್ ತಿಂಗಳ ಒಂದು ಶನಿವಾರ ಸಂಜೆ, ಪಾಲಕೋಡಿನ ಒಂದು ಮನೆಯ ಜಗಲಿಯಲ್ಲಿ, ಬೇರೊಬ್ಬರು ಬರೆದದ್ದನ್ನು ನಾನೇ ಬರೆದೆನೆಂದು ಹೇಳಿದೆ. ಕೇಳಿದವರು ನಂಬಿದರು. ಬರೆದವಳು ಬಾಗಿಲ ಪರದೆಯ ಹಿಂದೆ ಕೂತು ಕೇಳಿಸಿಕೊಂಡಳು. ಇಷ್ಟನ್ನು ಕಾಗದದ ಮೇಲಿಡಲು ನನಗೆ ಏಳು ವರ್ಷ ಬೇಕಾಯಿತು.

ಆಗ ನಾನು ಧರ್ಮಪುರಿಯಲ್ಲಿ ಒಂದು ತಮಿಳು ದಿನಪತ್ರಿಕೆಯ ವರದಿಗಾರ. ಊರು ಸೇಲಂ, ಮನೆಯಲ್ಲಿ ಕೈಮಗ್ಗ, ಮನೆಮಾತು ಕನ್ನಡ. ಅರಬ್ಬಿ ಕಲಿಯಬೇಕೆನಿಸಿದ್ದು ಭಕ್ತಿಯಿಂದಲ್ಲ. ಒಂದು ಸಭೆಯ ವರದಿಗೆ ಹೋದಾಗ ಎರಡು ಕರಪತ್ರಗಳು ಕೈಗೆ ಬಂದವು. ಕುರಾನಿನ ಒಂದೇ ವಾಕ್ಯಕ್ಕೆ ಎರಡರಲ್ಲಿ ಎರಡು ಬಗೆಯ ತಮಿಳು. ಯಾವುದು ಸರಿ? ಮೂಲ ನೋಡದೆ ಬರೆಯಬಾರದೆಂಬುದು ನಮ್ಮ ಕಚೇರಿಯ ಮೊದಲ ಪಾಠ. ಮೂಲವನ್ನು ನೋಡಿದೆ. ಬಲದಿಂದ ಎಡಕ್ಕೆ ಹರಿದ ಗೆರೆಗಳು, ಮೇಲೆ ಕೆಳಗೆ ಚುಕ್ಕಿಗಳು — ಅಷ್ಟೇ. ನೋಡುವುದೇ ಬೇರೆ, ಓದುವುದೇ ಬೇರೆ ಎಂದು ಅಂದು ತಿಳಿಯಿತು.

ನಮ್ಮವ್ವ ಮಗ್ಗದ ಗುಂಡಿಯಲ್ಲಿ ಕೂತೇ ನಕ್ಕಳು. "ಮನೇಲಿ ಆಡೋ ಮಾತು ಬರೆಯಾಕೆ ಬರಲ್ಲ, ಇವ್ನು ಅರಬ್ಬಿ ಕಲೀತಾನಂತೆ." ನಿಜವೇ. ಕನ್ನಡದ ಅಕ್ಷರಗಳನ್ನು ನಾನು ಕಲಿತದ್ದು ಅರಬ್ಬಿಯ ನಂತರ.

ಪಾಲಕೋಡಿನ ಮಸೀದಿಯಲ್ಲಿ ಮಕ್ಕಳಿಗೆ ಓದಿಸುತ್ತಿದ್ದ ಹಿರಿಯರೊಬ್ಬರು ಕಲಿಸಲು ಒಪ್ಪಿದರು. ಊರೆಲ್ಲ ಅವರನ್ನು ಹಜರತ್ ಎನ್ನುತ್ತಿತ್ತು. ಹುಟ್ಟಿದ್ದು ಮಾರಂಡಹಳ್ಳಿಯಲ್ಲಾದ್ದರಿಂದ ನನ್ನೊಡನೆ ಕನ್ನಡವನ್ನೇ ಆಡುವರು. ಕಣ್ಣಿಗೆ ಪೊರೆ ಬಂದಿತ್ತು, ವ್ಯಾಕರಣವೆಲ್ಲ ಬಾಯಲ್ಲಿತ್ತು. ಶನಿವಾರ ಸಂಜೆಯ ನಮಾಜಿಗೆ ಮುಂಚೆ ಅವರ ಮನೆಯ ಜಗಲಿಯಲ್ಲಿ, ವ್ಯಾಕರಣದ ಮೊದಲ ಪುಸ್ತಕದಿಂದ, ಒಂದು ಗಂಟೆ ಪಾಠ. "ನಿಮ್ ಪೇಪರ್ ತರಾ ಅಲ್ಲ ತಂಬಿ ಇದು," ಎಂದು ಮೊದಲ ದಿನವೇ ಎಚ್ಚರಿಸಿದರು. "ನಾಳೆ ತಿದ್ಕೋತೀವಿ ಅಂದ್ರೆ ನಡೆಯಾಕಿಲ್ಲ."

ಆ ದಿನಗಳ ಬೆರಗನ್ನು ಹೇಗೆ ಹೇಳಲಿ? ಬರೆಯುವುದೆಂಬ ಅರ್ಥದ, ಮೂರೇ ಅಕ್ಷರಗಳ ಒಂದು ಬೇರು. ಅದರ ನಡುವೆ ಒಂದು ಸ್ವರ ಹಾಕಿದರೆ ಬರೆಯುವವನು, ಇನ್ನೊಂದು ಹಾಕಿದರೆ ಬರೆದದ್ದು, ಮುಂದೊಂದು ಅಕ್ಷರ ಸೇರಿಸಿದರೆ ಬರೆಯುವ ಜಾಗ. ನಮ್ಮ ಮನೆಯ ಮಗ್ಗದಲ್ಲಿ ಹಾಸು ಹಾಗೇ ಇದ್ದು ಹೊಕ್ಕು ಬದಲಾದಂತೆ. ಒಬ್ಬನಿಗೆ ಒಂದು ರೂಪ, ಹಲವರಿಗೆ ಒಂದು, ಇಬ್ಬರೇ ಇದ್ದರೆ ಅದಕ್ಕೂ ಬೇರೆ. ಬಸ್ಸಿನಲ್ಲಿ ಧರ್ಮಪುರಿಗೆ ಮರಳುವಾಗ ತುಟಿಯಾಡಿಸುತ್ತ ಕೂತಿರುತ್ತಿದ್ದೆ.

ಪಾಠ ಬರೆದುಕೊಳ್ಳುತ್ತಿದ್ದ ನೋಟ್‌ಬುಕ್ಕನ್ನು ಮಾತ್ರ ಒಯ್ಯುವಂತಿರಲಿಲ್ಲ. "ಅಲ್ಲಾನ ಮಾತು ಐತೆ ಇದ್ರಾಗೆ. ಬಸ್ಸಿನಾಗೆ ಕಾಲ್ ತಾವ ಇಡ್ಬ್ಯಾಡ, ಇಲ್ಲೇ ಗೂಡಿನಾಗೆ ಮಡಗು" ಎಂದಿದ್ದರು ಹಜರತ್. ಹಾಗಾಗಿ ವಾರವಿಡೀ ಅದು ಅವರ ಜಗಲಿಯ ಗೋಡೆಗೂಡಿನಲ್ಲಿ ಇರುತ್ತಿತ್ತು.

ಮೂರನೆಯ ತಿಂಗಳು ಅದರ ಅಂಚಿನಲ್ಲಿ ಪೆನ್ಸಿಲ್ ಅಕ್ಷರಗಳು ಕಂಡವು. ನಾನು ತಪ್ಪಿದ್ದ ಕಡೆ ಸರಿಯಾದ ರೂಪ, ಪಕ್ಕದಲ್ಲಿ ತಮಿಳಿನಲ್ಲಿ ಒಂದು ಸಾಲಿನ ಕಾರಣ. ಹಜರತ್‌ಗೆ ಅಷ್ಟು ಸಣ್ಣ ಅಕ್ಷರ ಕಾಣುತ್ತಿರಲಿಲ್ಲ. ಬರೆದದ್ದು ಅವರ ಮಗಳು ನೂರುನ್ನಿಸಾ. ಹತ್ತೊಂಬತ್ತು ವರ್ಷ, ಐದನೇ ತರಗತಿಗೆ ಸ್ಕೂಲು ಬಿಟ್ಟವಳು. ನನ್ನ ಪಾಠವನ್ನು ಪರದೆಯ ಹಿಂದೆ ಕೂತು ಕೇಳುತ್ತಿದ್ದಳು. ಒಮ್ಮೆ ನಾನು ತಡವರಿಸಿದಾಗ ಒಳಗಿನಿಂದ ಉತ್ತರ ಬಂದಿತ್ತು. ಹಜರತ್ ನಕ್ಕಿದ್ದರು: "ಗಿಣಿ ಅದು. ಕೇಳಿದ್ನ ಒಪ್ಪಿಸ್ತದೆ."

ನಾನು ಹಜರತ್‌ಗೆ ಹೇಳಲಿಲ್ಲ. ಬದಲಿಗೆ ಅಂಚಿನಲ್ಲಿ ಪ್ರಶ್ನೆಗಳನ್ನು ಬರೆದಿಡತೊಡಗಿದೆ. ಮುಂದಿನ ಶನಿವಾರ ಉತ್ತರ ಸಿದ್ಧ. ಒಂದು ವರ್ಷದಲ್ಲಿ ಆ ಮೊದಲ ಪುಸ್ತಕವನ್ನು ನನಗೆ ಅರ್ಧ ಕಲಿಸಿದವಳು ಆಕೆಯೇ — ಅರ್ಧಕ್ಕಿಂತ ಹೆಚ್ಚು.

ಪುಸ್ತಕ ಮುಗಿದರೆ ಹೊರಗಿನ ವಿದ್ವಾಂಸರೊಬ್ಬರು ಬಂದು ಪರೀಕ್ಷಿಸಬೇಕು; ಅವರು ಒಪ್ಪಿದ ಮೇಲೆಯೇ ಎರಡನೆಯದನ್ನು ತೆರೆಯುವುದು. ಹಜರತ್ ಅವರ ಪದ್ಧತಿ ಅದು. ಪರೀಕ್ಷೆಯ ವಾರ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ನೂರುನ್ನಿಸಾ ಬರೆದಿದ್ದಳು: ಇದನ್ನೆಲ್ಲ ಬರೆದದ್ದು ನಾನೆಂದು ಅಬ್ಬಾನಿಗೆ ನೀವೇ ಹೇಳಿ, ನಾನು ಹೇಳಿದರೆ ನಂಬುವುದಿಲ್ಲ, ಬೈಸಿಕೊಳ್ಳುವುದು ನನಗಿರಲಿ, ಎರಡನೇ ಪುಸ್ತಕ ನನಗೂ ಬೇಕು. ಆ ಹಾಳೆಯನ್ನು ಹರಿದು ಜೇಬಿನಲ್ಲಿಟ್ಟುಕೊಂಡೆ. ಹೇಳಬೇಕೆಂದೇ ಇದ್ದೆ.

ವಾಣಿಯಂಬಾಡಿ ಕಡೆಯಿಂದ ಬಂದ ವಿದ್ವಾಂಸರು ನನ್ನಿಂದ ಪಾಠ ಒಪ್ಪಿಸಿಕೊಂಡರು, ಸುಮಾರಾಗಿ ತಲೆಯಾಡಿಸಿದರು. ನಂತರ ನೋಟ್‌ಬುಕ್ ತೆರೆದರು. ಪುಟ ತಿರುವುತ್ತ ಹೋದಂತೆ ನಿಧಾನವಾದರು. ಶಾಯಿಯ ಬರಹ ಮಾಮೂಲು, ಪೆನ್ಸಿಲ್ಲಿನದು ಬೇರೆಯೇ ಬುದ್ಧಿ ಎಂದು ತಮಿಳಿನಲ್ಲಿ ಹೇಳಿದರು. ಹೀಗೆ ಬರೆಯುವವರು ಯಾರೇ ಆಗಿರಲಿ, ಇಲ್ಲಿಗೆ ನಿಲ್ಲಿಸಬಾರದು ಎಂದರು.

ಹಜರತ್ ನನ್ನತ್ತ ಮುಖ ತಿರುಗಿಸಿದರು. "ತಂಬಿ, ಪೆನ್ಸಿಲ್‌ನಾಗೆ ಬರ್ದಿರೋರು ಯಾರು ಅಂತ ಕೇಳ್ತಾವ್ರೆ."

"ನಾನೇ, ಹಜರತ್. ಆಮೇಲೆ ತಿದ್ಕೊಂಡೆ."

ಹಜರತ್ ನನ್ನ ಹೆಗಲು ಹುಡುಕಿ ತಟ್ಟಿದರು.

ಅನ್ಯ ಗಂಡಸಿನ ಪುಸ್ತಕದಲ್ಲಿ ಮಗಳ ಬರಹ — ಆಕೆಗೆ ತೊಂದರೆಯಾದೀತೆಂದು ಸುಮ್ಮನಾದೆ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳು. ಆ ತೊಂದರೆಯನ್ನು ಆಕೆ ಲೆಕ್ಕಕ್ಕೆ ತೆಗೆದುಕೊಂಡೇ ಬರೆದಿದ್ದಳು, ಕಾಗದ ನನ್ನ ಜೇಬಿನಲ್ಲಿತ್ತು. ವಿದ್ವಾಂಸರ ಹೊಗಳಿಕೆ ನನಗೆ ಬೇಕಾಗಿತ್ತು. ಯಾರು ಹೇಳಿದರೆಂದು ಬರೆಯದೆ ಒಂದು ಸಾಲನ್ನೂ ಪತ್ರಿಕೆಗೆ ಕಳಿಸದವನು ನಾನು. ಅಲ್ಲಿ ಮಾತ್ರ —

ಆಮೇಲೆ ನೋಟ್‌ಬುಕ್ಕಿನಲ್ಲಿ ಪೆನ್ಸಿಲ್ ಅಕ್ಷರ ಕಾಣಲಿಲ್ಲ. ಪಾಠದ ಹೊತ್ತಿಗೆ ಪರದೆಯ ಹಿಂದೆ ಯಾರೂ ಕೂರುತ್ತಿರಲಿಲ್ಲ. ಹಿತ್ತಲಿನಲ್ಲಿ ಪಾತ್ರೆ ಬೆಳಗುವ ಸದ್ದು ಬರುತ್ತಿತ್ತು. ಎರಡನೇ ಪುಸ್ತಕವನ್ನು ಹಜರತ್ ನನಗೆ ಕೊಟ್ಟರು. ಅರ್ಧ ಮುಟ್ಟುವಷ್ಟರಲ್ಲಿ ನನಗೆ ಸೇಲಂಗೆ ವರ್ಗವಾಯಿತು. ಪಾಠ ನಿಂತಿತು. 1976ರಲ್ಲಿ ಹಜರತ್ ತೀರಿಕೊಂಡರು. ಅವರಿಗೆ ಹೇಳಲಿಲ್ಲ.

ಕಳೆದ ವರ್ಷ, 1978ರ ನವೆಂಬರಿನಲ್ಲಿ, ನೂರುನ್ನಿಸಾ ಕಾರಿಮಂಗಲದಲ್ಲಿರುವುದು ತಿಳಿದು ಹೋದೆ. ಗಂಡ ದರ್ಜಿ, ಬಾಗಿಲ ಬಳಿ ಮಿಷನ್ ತುಳಿಯುತ್ತಿದ್ದರು. ಆಕೆ ಹೊಸಿಲ ಒಳಗೆ ನಿಂತಳು. ಅವರಿಬ್ಬರ ಎದುರಿಗೇ, ಮೇಲೆ ಬರೆದಷ್ಟನ್ನೂ ಹೇಳಿದೆ.

"ಗೊತ್ತೈತಲ್ಲಣ್ಣಾ. ನಾನು ಅಲ್ಲೇ ಕುಂತಿದ್ನಲ್ಲ." ಅಷ್ಟು ಹೇಳಿ ಕೇಳಿದಳು: "ಎರಡ್ನೇ ಕಿತಾಬಿನಾಗೆ ಏನೈತೆ?"

ನೆನಪಿದ್ದಷ್ಟು ಹೇಳಿದೆ. ವಾಕ್ಯದೊಳಗೆ ಒಂದು ಪದ ಇನ್ನೊಂದರ ಕೊನೆಯನ್ನು ಬದಲಿಸುವ ಬಗೆ, ಯಾವ ಪದಗಳಿಗೆ ಆ ಬಲವಿದೆ, ಯಾವ ಪದಗಳು ಏನೇ ಆದರೂ ಬದಲಾಗುವುದಿಲ್ಲ. ನಡುನಡುವೆ ಆಕೆ ಪ್ರಶ್ನೆ ಹಾಕಿದಳು. ಎರಡಕ್ಕೆ ನನ್ನ ಬಳಿ ಉತ್ತರವಿರಲಿಲ್ಲ. ಗಂಡ ಮಿಷನ್ ನಿಲ್ಲಿಸಿ ಆಕೆಯನ್ನೇ ನೋಡುತ್ತಿದ್ದರು.

"ಆಮೇಲೆ?" ಎಂದಳು.

"ಗೊತ್ತಿಲ್ಲಮ್ಮಾ. ಅಲ್ಲಿಗೆ ಬುಟ್ಬುಟ್ಟೆ."

ಸೇಲಂಗೆ ಬಂದವನು ಆ ಪುಸ್ತಕವನ್ನು ಅಂಚೆಯಲ್ಲಿ ಕಳಿಸಿದೆ. ಹದಿನೈದು ದಿನಕ್ಕೆ ಆಕೆಯ ಗಂಡನಿಂದ ತಮಿಳಿನಲ್ಲಿ ಒಂದು ಕಾರ್ಡು ಬಂತು. ಪುಸ್ತಕ ತಲುಪಿದೆ, ಅದನ್ನು ಹೇಳಿಕೊಡಬಲ್ಲವರು ಈ ಊರಲ್ಲಿ ಯಾರೂ ಇಲ್ಲ ಎಂದು ಬರೆದಿದ್ದಾರೆ.