ಮೂಲೆಯ ಗಣಕದ ಕೀಬೋರ್ಡು

ಗಣಕಗಳನ್ನು ನಡೆಸುವ ಮುಕ್ತ ಕಾರ್ಯಾಚರಣ ತಂತ್ರಾಂಶವನ್ನು ವಿಜಯಪುರದ ಸೀಮೆಗೆ ತಂದು, ಅದು ಹೊಸ ಯಂತ್ರಕ್ಕೂ ಒಗ್ಗಬೇಕು, ಹಳೆಯ ಯಂತ್ರದಲ್ಲೂ ಓಡಬೇಕು ಎಂದು ಮೂರು ದಶಕ ಹೆಣಗಿದವರಲ್ಲಿ ಶ್ರೀ ಕರೆಪ್ಪನವರು ಮೊದಲಿಗರು. ಬಬಲೇಶ್ವರದಲ್ಲಿ ಹುಟ್ಟಿದ ಅವರು ತಿಕೋಟಾದ ತರಬೇತಿ ಕೇಂದ್ರದ ಗಣಕ ಕೊಠಡಿಯಲ್ಲೇ ತಲೆ ನೆರೆಸಿಕೊಂಡರು. ಹಳೆಯ ಯಂತ್ರಗಳನ್ನು ಬಿಡಬೇಡಿರೆಂದು ದೂರದೇಶದ ತಂತ್ರಾಂಶಕಾರರಿಗೆ ಅವರು ಬರೆದ ಪತ್ರಗಳಿಗೆ ಲೆಕ್ಕವಿಲ್ಲ. ಹಳೆಯ ಪ್ರೊಸೆಸರುಗಳನ್ನು ಕೈಬಿಡುವುದಾಗಿ ಕೊನೆಗೆ ಆ ತಂತ್ರಾಂಶಕಾರರು ತಿಳಿಸಿದಾಗಲೂ ಕರೆಪ್ಪನವರು ಮುನಿಯಲಿಲ್ಲ. "ಅವರದೂ ಖರೆ ಐತಿ. ಹಳೇದೆಲ್ಲ ಹೊತ್ತು ನಡದ್ರ ಹೊಸಾದು ಹಿಡಿಯಾಕ ಕೈ ಎಲ್ಲೈತಿ?" ಎಂದರು.

ಬಿತ್ತುವ ಮುಂಚೆ ಒಂದು ಚೀಲ ಬೀಜದ ಜೋಳ ತೆಗೆದಿಡುವ ಮನೆತನ ಅವರದು. ಹೊಸ ಆವೃತ್ತಿಯನ್ನು ಹತ್ತೊಂಬತ್ತು ಗಣಕಗಳಿಗೆ ಹಾಕಿದರೂ, ಅದು ಸರಿಯಾಗಿ ಓಡುವುದನ್ನು ನೋಡುವ ತನಕ ಮೂಲೆಯ ಇಪ್ಪತ್ತನೆಯದನ್ನು ಮುಟ್ಟುತ್ತಿರಲಿಲ್ಲ. ಅದರ ಕೀಬೋರ್ಡನ್ನು ಕಪಾಟಿನಲ್ಲಿಟ್ಟು ಬೀಗ ಜಡಿಯುತ್ತಿದ್ದರು. ಇದಕ್ಕೆ ಬೆನ್ನ ಹಿಂದೆ ನಕ್ಕವರಲ್ಲಿ ಕಿರಿಯ ಬೋಧಕಿ ವಿಶಾಖಾಳೇ ಮುಂದು.

ಹೋದ ವರ್ಷ ಕರೆಪ್ಪನವರು ಮನೆಗೆ ಸುಣ್ಣ ಹಚ್ಚಿಸಲು ಊರಿಗೆ ಹೋಗಿದ್ದ ಶುಕ್ರವಾರ, ವಿಶಾಖಾ, ಹಳೆಯ ಪ್ರೊಸೆಸರುಗಳಲ್ಲಿ ಓಡದು ಎಂಬ ಎಚ್ಚರಿಕೆಯ ಸಾಲನ್ನು ಓದದೆ ಕೈಗೆ ಸಿಕ್ಕ ಎಲ್ಲ ಗಣಕಗಳಿಗೂ ಹೊಸ ಆವೃತ್ತಿ ಹಾಕಿದಳು. ಮತ್ತೆ ಚಾಲೂ ಮಾಡಿದರೆ ಹತ್ತೊಂಬತ್ತೂ ಪರದೆ ಕಪ್ಪು. ಸೋಮವಾರ ನಲವತ್ತು ಹುಡುಗಿಯರ ಪರೀಕ್ಷೆ. ಹುಡುಗಿಯರ ವರ್ಷವೂ ಹೋಯಿತು, ತನ್ನ ನೌಕರಿಯೂ ಹೋಯಿತು ಎಂದುಕೊಂಡೇ ಅವಳು ಕರೆಪ್ಪನವರಿಗೆ ಫೋನು ಮಾಡಿದಳು.

ಮುಂದಿನ ಬಸ್ಸಿಗೇ ಕರೆಪ್ಪನವರು ಬಂದರು, ತೋಳಿನ ಮೇಲೆ ಸುಣ್ಣ ಇನ್ನೂ ಹಸಿಯಿತ್ತು. ಯಾಕೆ ಮಾಡಿದೆ ಎಂದು ಕೇಳಲಿಲ್ಲ.

"ಮೂಲಿಯಾಗಿಂದು ಮುಟ್ಟಿಯೇನವ್ವಾ?"

"ಮುಟ್ಟಾಕ ಹೋಗಿದ್ನಿರಿ ಸರ್. ಕೀಬೋರ್ಡ್ ಸಿಗಲಿಲ್ರಿ."

ಅವರು ಕಪಾಟು ತೆರೆದರು. ಆ ಒಂದು ಗಣಕದಿಂದ ಹಳೆಯ ವ್ಯವಸ್ಥೆಯನ್ನು ನಕಲು ಮಾಡಿ ಒಂದೊಂದಕ್ಕೇ ತುಂಬುತ್ತ ಭಾನುವಾರ ಸಂಜೆಯಾಯಿತು. ಪ್ರತಿ ಗಣಕ ಎದ್ದಾಗಲೂ, ಮುಂದಿನದು ಏಳದಿದ್ದರೆ ಎಂದು ವಿಶಾಖಾ ಅಂಜುತ್ತಿದ್ದಳು. ಸೋಮವಾರ ಪರೀಕ್ಷೆ ನಡೆಯಿತು. ತಪ್ಪು ಯಾರದೆಂದು ಮೇಲಿನವರು ಕೇಳಿದಾಗ ಕರೆಪ್ಪನವರು, "ಕೊಠಡಿ ನಂದ್ರಿ" ಎಂದಷ್ಟೇ ಹೇಳಿದರು.

ಮೊನ್ನೆ ನಿವೃತ್ತಿಯ ದಿನ ಕಪಾಟಿನ ಕೀಲಿಯನ್ನು ಅವಳ ಮುಂದೆ ಹಿಡಿದರು. ಅವಳು ಕೈ ಚಾಚಲಿಲ್ಲ.

"ನನಗ ಅಂಜಿಕಿ ಬರತೈತ್ರಿ ಸರ್."

"ನಾ ಮೂವತ್ತು ವರ್ಷ ಅಂಜಿಕೋತನ ಇಟಗೊಂಡಿದ್ನಿ. ಅಂಜಾವ್ರ ಕೈಯಾಗನ ಇರಬೇಕಿದು. ಹಿಡಿ."

ಈ ಸಾಲುಗಳನ್ನು ಬರೆಯುತ್ತಿರುವವಳು ಆ ವಿಶಾಖಾಳೇ. ಗುರುಗಳು ನೂರು ವರುಷ ಬಾಳಲಿ, ಅವರ ಪತ್ರಗಳು ನಿಲ್ಲದಿರಲಿ. ಮುಂದಿನ ವಾರ ಇನ್ನೊಂದು ಆವೃತ್ತಿ ಬರಲಿದೆ. ಮೂಲೆಯ ಗಣಕದ ಕೀಬೋರ್ಡನ್ನು ಅವಳು ಇವತ್ತೇ ಒಳಗಿಟ್ಟು ಬೀಗ ಹಾಕಿದ್ದಾಳೆ.