ಮಗ್ಗದ ಎಣ್ಣೆ

1992ರಲ್ಲಿ ನಾನು ದೊಡ್ಡಬಳ್ಳಾಪುರದ ಹೊಲಿಗೆ ಮಿಷನ್ ಅಂಗಡಿಯೊಂದರಲ್ಲಿ ಸರ್ವೀಸ್ ಮೆಕ್ಯಾನಿಕ್ ಆಗಿದ್ದೆ. ಅಂಗಡಿಯಲ್ಲಿ ಕೂರುವುದಕ್ಕಿಂತ ಸೈಕಲ್ ತುಳಿದುಕೊಂಡು ಮನೆಮನೆಗೆ ಹೋಗುವುದೇ ಹೆಚ್ಚು. ರಿಪೇರಿ ಎಂದು ಕರೆಯುವ ಬಹುಪಾಲು ಮನೆಗಳಲ್ಲಿ ಮಿಷನ್ನಿನ ಯಾವ ಭಾಗವೂ ಮುರಿದಿರುತ್ತಿರಲಿಲ್ಲ. ಸೂಜಿಯ ಕೆಳಗೆ ಬಟ್ಟೆಯನ್ನು ಮುಂದಕ್ಕೆ ತಳ್ಳುವ ಹಲ್ಲುಗಳಿರುತ್ತವೆ. ಅವುಗಳ ಸಂದಿಯಲ್ಲಿ ದಾರದ ಧೂಳು ಕೂತಿರುತ್ತಿತ್ತು, ಅಷ್ಟೇ. ಬ್ರಷ್ಷಿನಲ್ಲಿ ಗುಡಿಸಿದರೆ ಮುಗಿಯುವ ಕೆಲಸಕ್ಕೆ ನನ್ನನ್ನು ಬಿಸಿಲಲ್ಲಿ ಓಡಿಸುತ್ತಾರಲ್ಲ ಎಂದು ಸಿಡುಕುತ್ತಿದ್ದೆ. ಹುಟ್ಟುಗುಣ ಸುಟ್ಟರೂ ಹೋಗದು, ಈಗಲೂ ಸಿಡುಕುತ್ತೇನೆ.

ಆ ವರ್ಷ ಬೇಸಿಗೆಯಲ್ಲಿ ನೇಕಾರರ ಬೀದಿಯ ಒಂದು ಮನೆಯಿಂದ ಕರೆ ಬಂತು. ಮುಂದೆ ವಾಸದ ಮನೆ, ಹಿಂದೆ ಶೆಡ್ಡಿನಲ್ಲಿ ಪವರ್‌ಲೂಮ್‌ಗಳು. ಮಗ್ಗಗಳು ಓಡುತ್ತಿದ್ದರೆ ಆ ಮನೆಯಲ್ಲಿ ಎಲ್ಲರೂ ಕೂಗಿಯೇ ಮಾತಾಡಬೇಕು. ಮನೆಯ ಯಜಮಾನಿ ಲಕ್ಷ್ಮಮ್ಮ ನನ್ನನ್ನು ನಡುಮನೆಗೆ ಕರೆದು ಮೂಲೆಯಲ್ಲಿದ್ದ ಕಾಲಿನಿಂದ ತುಳಿಯುವ ಮಿಷನ್ ತೋರಿಸಿದರು.

"ನೋಡಪ್ಪಾ, ಇದು ಸೊಸೆ ತವರಿಂದ ಬಂದಿದ್ದು. ನಾಳೆ ಅವಳಣ್ಣ ಬರ್ತಾನೆ, ಅವಳನ್ನೂ ಇದನ್ನೂ ಕರ್ಕೊಂಡೋಗ್ತಾನೆ. ಹಾಳ್ಮಾಡಿ ಕಳ್ಸಿದ್ರು ಅಂತ ಅವರ ಮನೆಯವ್ರು ನಾಳೆ ಅನ್ಬಾರ್ದು. ಚೆನ್ನಾಗಿ ಮಾಡ್ಕೊಡು."

ಸೊಸೆ ಸುಜಾತ ಅಡುಗೆಮನೆಯ ಬಾಗಿಲಲ್ಲಿ ಕೂತಿದ್ದಳು. ಇಪ್ಪತ್ತೆರಡು ಇಪ್ಪತ್ತಮೂರು ಇರಬಹುದು. ಏಳನೇ ತಿಂಗಳಲ್ಲಿ ಮಗು ಹೊಟ್ಟೆಯಲ್ಲೇ ಹೋಗಿತ್ತು. ಅದನ್ನು ಲಕ್ಷ್ಮಮ್ಮನೇ ಅವಳ ಎದುರಿಗೇ ಹೇಳಿದರು. ಬೇಡ ಬೇಡ ಎಂದರೂ ಮಿಷನ್ ತುಳಿದು ತುಳಿದು ಮಗು ಕಳೆದುಕೊಂಡಳಂತೆ, ಇನ್ನು ಈ ಮನೆಯಲ್ಲಿ ಅವಳೂ ಬೇಡ, ಅದೂ ಬೇಡವಂತೆ. ನಾನು ಮಿಷನ್ನಿನ ಬೆಲ್ಟ್ ಕಳಚಿ ಕೆಲಸ ಶುರು ಮಾಡಿದೆ.

ಒಳ್ಳೆಯ ಸ್ಥಿತಿಯಲ್ಲಿರುವ ಮಿಷನ್ನಿನ ಬಲಗಡೆಯ ಚಕ್ರ ಒಂದೇ ಬೆರಳಿಗೆ ತಿರುಗಬೇಕು. ಇದಕ್ಕೆ ನಾನು ಇಡೀ ಅಂಗೈ ಹಾಕಬೇಕಾಯಿತು. ತಲೆಭಾಗವನ್ನು ಹಿಂದಕ್ಕೆ ಮಗುಚಿ ನೋಡಿದರೆ ಕೆಳಗಿನ ಕೀಲುಗಳೆಲ್ಲ ಕಪ್ಪು ಅಂಟಿನಲ್ಲಿ ಮುಳುಗಿದ್ದವು. ಹೊಲಿಗೆ ಮಿಷನ್ನಿಗೆ ಬೇಕಾದದ್ದು ನೀರಿನಂಥ ತೆಳ್ಳನೆಯ ಎಣ್ಣೆ, ಒಂದೊಂದು ತೂತಿಗೆ ಒಂದೊಂದು ಹನಿ. ಇಲ್ಲಿ ಯಾರೋ ಗೇರಿಗೆ ಹಾಕುವ ಮಂದ ಎಣ್ಣೆಯನ್ನು ಮತ್ತೆ ಮತ್ತೆ ಸುರಿದಿದ್ದರು. ಅದಕ್ಕೆ ದಾರದ ಧೂಳು ಸೇರಿ ಡಾಂಬರಿನಂತಾಗಿತ್ತು. ನನಗೆ ಸಿಟ್ಟು ನೆತ್ತಿಗೇರಿತು.

"ಯಾರ್ರೀ ಇದಕ್ಕೆ ಈ ಎಣ್ಣೆ ಹಾಕಿದ್ದು?" ಎಂದು ಗಟ್ಟಿಯಾಗಿ ಕೇಳಿದೆ.

ಶೆಡ್ಡಿನ ಬಾಗಿಲಿಗೆ ಸುಜಾತಳ ಗಂಡ ರಾಮಾಂಜಿ ಬಂದು ನಿಂತ. "ನಾನೇ ಹಾಕಿದ್ದು. ಮಗ್ಗಕ್ಕೆ ಹಾಕೋದೇ. ಯಾಕೆ?"

"ಎಷ್ಟು ಸಲ?"

"ಭಾರ ಆಗ್ತೈತೆ ಅಂತ ಇವ್ಳು ಅಂದಾಗೆಲ್ಲ ಹಾಕ್ತಿದ್ದೆ. ಚಕ್ರ ತಿರುಗ್ಸಿ ನೋಡ್ತಿದ್ದೆ, ಹಗುರಾಗೇ ಇತ್ತಲ್ಲ."

ಅವನ ತೋಳು ನೋಡಿದೆ. ಹಗಲೂ ರಾತ್ರಿ ಮಗ್ಗದ ಕಬ್ಬಿಣ ಎಳೆದಾಡುವ ತೋಳು. ಅದಕ್ಕೆ ಹಗುರವೇ. ಮಗ್ಗ ಬಿಗಿಯಾದರೆ ಎಣ್ಣೆ ಕುಡಿಸುವುದು ಆ ಬೀದಿಯಲ್ಲಿ ಹುಟ್ಟಿದವರ ಕೈಗೆ ತಾನಾಗಿ ಬರುವ ಕೆಲಸ. ಹೆಂಡತಿಯ ಕಷ್ಟ ನೋಡಲಾರದೆ ಸುರಿದಿದ್ದಾನೆ, ಸುರಿದಷ್ಟೂ ಅದು ಬಿಗಿಯಾಗಿದೆ.

"ಇದನ್ನ ತುಳಿಯೋದು ಅಂದ್ರೆ ಕಲ್ಲು ಗಾಣ ಎಳೆದ ಹಾಗೆ" ಎಂದುಬಿಟ್ಟೆ.

ರಾಮಾಂಜಿ ಒಳಗೆ ಹೋಗಿ ಮಗ್ಗಗಳನ್ನು ನಿಲ್ಲಿಸಿ ಬಂದ. ಆ ನಿಶ್ಶಬ್ದದಲ್ಲಿ ಲಕ್ಷ್ಮಮ್ಮ ಮೆಲ್ಲಗೆ ಕೇಳಿದರು, "ಹಂಗಾದ್ರೆ, ಅಷ್ಟು ಭಾರ ತುಳ್ದಿದ್ದಕ್ಕೇ ಮಗು ಹೋಯ್ತಾ ಅಪ್ಪಾ?"

ಮೂವರೂ ನನ್ನ ಬಾಯನ್ನೇ ನೋಡುತ್ತಿದ್ದರು. ಹೌದು ಎಂದರೆ ಮಗುವಿನ ಸಾವು ಸೊಸೆಯ ತಲೆಯಿಂದ ಇಳಿದು ಮಗನ ತಲೆಗೆ ಏರುತ್ತದೆ. ಇಲ್ಲ ಎನ್ನಲು ನಾನು ಯಾರು?

"ಅದನ್ನ ಡಾಕ್ಟರ್ ಹೇಳ್ಬೇಕಮ್ಮ. ಮಿಷನ್ ಭಾರ ಇತ್ತು ಅನ್ನೋದು ಮಾತ್ರ ಸತ್ಯ. ಅಷ್ಟೇ ನನಗೆ ಗೊತ್ತು."

"ಡಾಕ್ಟ್ರು ಕಾರಣ ಗೊತ್ತಾಗ್ಲಿಲ್ಲ ಅಂದ್ರು" ಎಂದಳು ಸುಜಾತ. ಆ ಮನೆಯಲ್ಲಿ ನಾನು ಕೇಳಿದ ಅವಳ ಮೊದಲ ಮಾತು ಅದು. "ಅದನ್ನೂ ಹೇಳ್ದೆ. ಯಾರೂ ಕಿವಿಗೆ ಹಾಕ್ಕೊಳ್ಲಿಲ್ಲ."

ನಾನು ತಲೆ ತಗ್ಗಿಸಿ ಕೆಲಸಕ್ಕೆ ಕೂತೆ. ಸೂಜಿಯ ಕೆಳಗೆ ದಾರ ಹಿಡಿಯುವ ಶಟಲ್, ಬಾಬಿನ್ ಕೇಸ್ ಬಿಚ್ಚಿ ಸೀಮೆಎಣ್ಣೆಯಲ್ಲಿ ನೆನೆಸಿದೆ. ಕೀಲುಗಳಿಗೆ ಸೀಮೆಎಣ್ಣೆ ಬಿಟ್ಟು, ಚಕ್ರ ತಿರುಗಿಸಿ, ಕರಗಿ ಬಂದ ಕಪ್ಪನ್ನು ಹಳೇ ಪಂಚೆಯ ಚೂರಿನಿಂದ ಒರೆಸಿದೆ. ಪೂರ್ತಿ ಒಣಗಿದ ಮೇಲೆ ಸರಿಯಾದ ಎಣ್ಣೆ ಹಾಕಿದೆ. ರಾಮಾಂಜಿ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು, ನಾನು ಕೇಳದಿದ್ದರೂ ಬಟ್ಟೆಯ ಚೂರುಗಳನ್ನು ಒಂದೊಂದಾಗಿ ಕೊಡುತ್ತಿದ್ದ. ಅವನ ಕಣ್ಣಿಂದ ನೀರು ಸುರಿಯುತ್ತಿತ್ತು. ಒರೆಸಿಕೊಳ್ಳಲಿಲ್ಲ.

ಬೆಲ್ಟ್ ಹಾಕಿ ಸುಜಾತಳಿಗೆ ತುಳಿದು ನೋಡಲು ಹೇಳಿದೆ. ಪಾದ ಇಟ್ಟಳು. ಮಿಷನ್ ಸರಾಗವಾಗಿ ಓಡಿತು. ತಕ್ಷಣ ಕಾಲು ತೆಗೆದುಬಿಟ್ಟಳು.

ಲಕ್ಷ್ಮಮ್ಮನ ಧ್ವನಿ ಬದಲಾಗಿತ್ತು. "ಸರಿ ಹೋಯ್ತಲ್ಲ ಬಿಡು. ನಿಮ್ಮಣ್ಣ ಬರೋದು ಬೇಡ ಅಂತ ಹೇಳಿ ಕಳ್ಸಿದ್ರಾಯ್ತು."

"ಬರ್ಲಿ ಅತ್ತೆ" ಎಂದಳು ಸುಜಾತ. "ಮದುವೆ ಕಾಲ ಅಂತ ಊರೋರ ಬ್ಲೌಸ್ ಹೊಲಿಯೋಕೆ ಒಪ್ಕೊಂಡಿದ್ದು ನೀವು. ಭಾರ ಅಂದ್ರೆ, ಬಸುರೀರಿಗೆ ಎಲ್ಲಾ ಭಾರಾನೇ ಅಂದ್ರಿ. ಇವ್ರು ಎಣ್ಣೆ ತಂದ್ರು. ಒಬ್ರಾದ್ರೂ ಒಂದ್ಸಲ ನನ್ನ ಜಾಗದಲ್ಲಿ ಕೂತು ತುಳಿದು ನೋಡಿದ್ರಾ?"

ಮರುದಿನ ಅವಳು ಮಿಷನ್ ಸಮೇತ ತವರಿಗೆ ಹೋದಳೆಂದು ಅಂಗಡಿಗೆ ಬಂದವರು ಹೇಳಿದರು. ಮುಂದೆ ಏನಾಯಿತೋ ತಿಳಿಯದು.

ಆ ಮಗು ಯಾಕೆ ಹೋಯಿತು ಎಂಬುದು ನನಗೆ ಇವತ್ತಿಗೂ ಗೊತ್ತಿಲ್ಲ. ಆ ಮೂವರಿಗೂ ಗೊತ್ತಾಗಿರಲಿಕ್ಕಿಲ್ಲ. ಆದರೆ ನನ್ನ ಕೆಲಸದ ಕ್ರಮ ಅವತ್ತಿಗೇ ಬದಲಾಯಿತು. ಮಿಷನ್ ಭಾರ ಎಂದು ಯಾವ ಹೆಣ್ಣುಮಗಳು ಹೇಳಿದರೂ ನಾನು ಮೊದಲು ಚಕ್ರ ಮುಟ್ಟುವುದಿಲ್ಲ. ಅವಳ ಸ್ಟೂಲಿನ ಮೇಲೆ ಕೂತು, ಅವಳು ತುಳಿಯುವ ಪೆಡಲನ್ನು ತುಳಿಯುತ್ತೇನೆ. ಪಕ್ಕದಲ್ಲಿ ನಿಂತು ಹಗುರವಾಗೇ ಇದೆ ಎನ್ನುವವರಿದ್ದರೆ ಅವರನ್ನೂ ಕೂರಿಸಿ ತುಳಿಸುತ್ತೇನೆ.